ಸುಮಿತ್ರಾಬಾಯಿಯವರ ಬೋರಮಾಳ

ಪೊಲೀಸ್ ಆಕ್ಷನ್ ಆದ ಮರುವರ್ಷ ನಾನು ಬೀದರಿನಲ್ಲಿ ಕಳವಾದ ಒಡವೆಗಳನ್ನು ಪತ್ತೆಹಚ್ಚುವ ಜಮಾದಾರನಾಗಿದ್ದೆ. ಭಾಲ್ಕಿಯ ಸುಮಿತ್ರಾಬಾಯಿಯವರ ಚಿನ್ನದ ಗುಂಡುಗಳ ಸರ ಬೋರಮಾಳವನ್ನು ಚಿಂತಾಕಿಯ ಪಾಳುಮನೆಯೊಂದರಲ್ಲಿ ಹೂತಿಟ್ಟಿದ್ದಾಗಿ ಕಳ್ಳ ಒಪ್ಪಿಕೊಂಡಿದ್ದ.

ನಾನು ಹೋದಾಗ ಹೊರಗೆ ನಡುಮಧ್ಯಾಹ್ನದ ಬಿಸಿಲು, ಒಳಗೆ ಬಾವಿಯ ತಂಪು. ಅಗೆಯುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಬೀಸುವ ಸದ್ದು, ಬಳೆಗಳ ಸದ್ದು ಕೇಳಿಸಿತು. ಇಣುಕಿದರೆ ಅಲ್ಲಿ ಬೀಸುಕಲ್ಲೇ ಇರಲಿಲ್ಲ. ತಣ್ಣನೆಯ ಮಣ್ಣಿನಿಂದ ಎತ್ತಿದ ಸರ ಮಾತ್ರ ಬೆಚ್ಚಗಿತ್ತು.

ಭಾಲ್ಕಿಗೆ ಒಯ್ದು ಕೊಟ್ಟಾಗ ಸುಮಿತ್ರಾಬಾಯಿ ಅದನ್ನು ಮುಟ್ಟಿ, ಗಕ್ಕನೆ ಕೈ ಹಿಂದೆಗೆದರು.

“ಸರ ನಂದೇ ಖರೆ, ಜಮಾದಾರ್ ಸಾಬ್. ಆದ್ರ ಅದನ್ನ ಯಾರೋ ಇನ್ನೂ ಹಾಕೊಂಡಾರ್ರಿ. ನನಗ ಬ್ಯಾಡ್ರಿ.”

ಬೇರೆ ದಾರಿ ಕಾಣದೆ ಠಾಣೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಕೀಲಿಕೈ ನನ್ನ ಜೇಬಿನಲ್ಲೇ ಇತ್ತು. ಬೆಳಿಗ್ಗೆ ತೆರೆದಾಗ ಚಿನ್ನದ ಗುಂಡುಗಳ ಸಂದಿಯಲ್ಲಿ ಹಸಿ ಅರಿಶಿನ ಹತ್ತಿತ್ತು.