ಉಪ್ಪುಮೀನಿನ ಭರಣಿ

ಸತ್ತ ಅತ್ತೆಯ ಕಟ್ಟುಹಲ್ಲಿನ ಸೆಟ್ಟು ಲೋಟದೊಳಗೆ ಇನ್ನೂ ನಗುತ್ತಾ ಕೂತಿತ್ತು. ಆಂಜೆಲಾ ಆ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದಳು. "ಬರ್ತಾ ಬಾಯಿ, ಇದನ್ನು ಎಂತ ಮಾಡುವುದು? ಬಿಸಾಡಲಿಕ್ಕೆ ಮನಸ್ಸು ಬರುವುದಿಲ್ಲ. ನಿಮ್ಮ ಹತ್ತಿರವೇ ಇರಲಿ, ಅಲ್ವಾ?"

ಬರ್ತಾ ಸೊಂಟಕ್ಕೆ ಸಿಕ್ಕಿಸಿದ್ದ ಕರವಸ್ತ್ರ ತೆಗೆದು ಮೂಗಿಗೆ ಹಿಡಿದಳು. ಬೆಳಿಗ್ಗೆ ಎದ್ದು ಅದಕ್ಕೆ ಎರಡು ಹನಿ ಕೊಲೋನ್ ಸೆಂಟು ಹಾಕದೆ ಅವಳು ಹೊಸ್ತಿಲು ದಾಟಿದವಳಲ್ಲ. ಛೀ, ಹೇಸಿಗೆ! ಬಾಯಿ ತೆರೆದರೆ ವಾಂತಿಯೇ ಆದೀತೆಂದು ಬರೀ ತಲೆಯಾಡಿಸಿದಳು. ಲೋಟ ಮೂರನೆಯ ರಾಶಿಗೆ ಹೋಯಿತು.

೧೯೭೯ರ ಮಾರ್ಚ್. ಕಾಪುವಿನ ಆ ಮನೆಯ ಚಾವಡಿಯಲ್ಲಿ ಮೂರು ರಾಶಿಗಳಿದ್ದವು. ಮಣಿಪಾಲದಲ್ಲಿ ಮೇಷ್ಟ್ರಾಗಿದ್ದ ಲಿಯೋನೆಲ್‌ಗೆ ಟೊರಾಂಟೊದಲ್ಲಿ ಕೆಲಸ ಸಿಕ್ಕಿ, ಹೆಂಡತಿ ಆಂಜೆಲಾ, ಇಬ್ಬರು ಮಕ್ಕಳು ಸಮೇತ ಸಂಸಾರವೇ ಎದ್ದು ಹೊರಟಿತ್ತು. ಅಂಗಳದಲ್ಲಿ ಉಡುಪಿಯ ಅಣ್ಣು ಆಚಾರಿ ಹನ್ನೊಂದು ಮರದ ಪೆಟ್ಟಿಗೆ ಮಾಡುತ್ತಿದ್ದ. ಅವು ಲಾರಿಯಲ್ಲಿ ಬೊಂಬಾಯಿಗೆ, ಅಲ್ಲಿಂದ ಹಡಗಿನಲ್ಲಿ ಕೆನಡಾಕ್ಕೆ, ಒಟ್ಟು ಮೂರು ತಿಂಗಳ ದಾರಿ. ಒಂದನೆಯ ರಾಶಿ ಪೆಟ್ಟಿಗೆಗೆ, ಎರಡನೆಯದು ತಿಪ್ಪೆಗೆ, ಮೂರನೆಯದು 'ಬರ್ತಾ ಬಾಯಿಗೆ'. ಎರಡಕ್ಕೂ ಮೂರಕ್ಕೂ ಏನು ವ್ಯತ್ಯಾಸವೆಂದು ದೇವರೇ ಬಂದರೂ ಹೇಳಲಾರ ಎಂದುಕೊಂಡಳು ಬರ್ತಾ. ರಬ್ಬರು ಕೊಳೆತ ಹಾಲಿನ ಬಾಟ್ಲಿ, ಕಂಕುಳಲ್ಲಿ ಬೆವರಿನ ಹಳದಿ ಕಲೆ ಕೂತ ರವಿಕೆಗಳು, ಕೂದಲು ಸಿಕ್ಕಿಕೊಂಡೇ ಇದ್ದ ಬಾಚಣಿಗೆ. ಈಗ ಈ ಹಲ್ಲು.

ಬರ್ತಾ ಲಿಯೋನೆಲ್‌ನ ತೀರಿಹೋದ ಅಣ್ಣ ಜಾರ್ಜ್‌ನ ಹೆಂಡತಿ. ಇದೇ ಮನೆಯಲ್ಲಿ ಎಂಟು ವರ್ಷ ಅತ್ತೆ ಡುಲ್ಸಿನ್‌ಳ ಹೇಲು ಉಚ್ಚೆ ಬಾಚಿದವಳು ಅವಳು. ಮಲಗಿದಲ್ಲೇ ಮುದುಕಿ ಒಮ್ಮೆ ಅವಳ ಮಣಿಕಟ್ಟು ಹಿಡಿದು, "ನನ್ನ ಚಿನ್ನ ನಿನಗೇ ಬರ್ತಾ," ಎಂದಿದ್ದಳು. ಕೇಳಿದ ಸಾಕ್ಷಿ ಗೋಡೆಯ ಮೇಲಿನ ಹಲ್ಲಿ ಮಾತ್ರ. ಏಳನೆಯ ದಿನದ ಪೂಜೆ ಮುಗಿದದ್ದೇ ತಡ, ನಾಲ್ಕು ಬಳೆ ಮತ್ತು ಎರಡೆಳೆಯ ಸರ ಆಂಜೆಲಾಳ ಕಪಾಟು ಸೇರಿದವು, ಬರ್ತಾ ಕಾರ್ಕಳದ ಬಸ್ಸು ಹತ್ತಿದಳು.

ಕಾರ್ಕಳದಲ್ಲಿ ಹೊಲಿಗೆ ಮಿಶನು, ರತ್ನಾವತಿಯ ವಠಾರದಲ್ಲಿ ಒಂದು ಕೋಣೆ. ಐದು ಸಂಸಾರಕ್ಕೆ ಒಂದೇ ಕಕ್ಕಸು! ಬೆಳಿಗ್ಗೆ ಬಾಲ್ದಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು; ಮುಂದಿನವರು ಬಿಟ್ಟುಹೋದದ್ದನ್ನು ನೋಡಬೇಕು. ಐವತ್ತೊಂದು ವರ್ಷದ ಹೆಂಗಸಿಗೆ ಇದಕ್ಕಿಂತ ನರಕ ಉಂಟೇ? ಬಜಗೋಳಿ ದಾರಿಯಲ್ಲಿ ಒಂದು ಹಂಚಿನ ಮನೆ ಮಾರಾಟಕ್ಕಿತ್ತು. ಪುಟ್ಟ ಮನೆ, ಹಿಂದೆ ಬಾವಿ, ಬಾವಿಯಾಚೆ ಸ್ವಂತ ಕಕ್ಕಸು. ಒಳಗಿನಿಂದ ಹಾಕುವ ಹಿತ್ತಾಳೆಯ ಚಿಲಕ. ಆ ಚಿಲಕವನ್ನು ಅವಳು ಎರಡು ಸಲ ಹೋಗಿ ಹಾಕಿ ತೆಗೆದು ನೋಡಿ ಬಂದಿದ್ದಳು.

ಕಾಪುವಿನಿಂದ ಈ ಮೂರು ವರ್ಷ ಬಂದದ್ದಾದರೂ ಎಂತ? ನಡೆಯದ ಗಡಿಯಾರ, ಹಿಡಿ ಮುರಿದ ಬಾಣಲೆ, ಸೀಳಿದ ಚಾಪೆ. ಪಾತ್ರೆ ಡಬ್ಬಿ ಬಂದರಂತೂ ಬುಡದಲ್ಲಿ ಒಂದು ಹಿಡಿ ಕುಚ್ಚಲಕ್ಕಿ, ಭಿಕ್ಷುಕಿಗೆ ಹಾಕಿದ ಹಾಗೆ. ಅದನ್ನು ಕಂಡರೇ ಅವಳ ಮೈ ಉರಿಯುತ್ತಿತ್ತು. ಎತ್ತಿ ಹಿತ್ತಿಲ ಬಾಗಿಲಿಂದಾಚೆ ರತ್ನಾವತಿಯ ಕೋಳಿಗಳಿಗೆ ಎಸೆಯುತ್ತಿದ್ದಳು. ಕಾಪುವಿನ ಗಂಟು ಬಂತೆಂದರೆ ಕೋಳಿಗಳಿಗೆ ಹಬ್ಬ.

ಪೆಟ್ಟಿಗೆ ತುಂಬುವ ಕೆಲಸಕ್ಕೆ ಬಂದ ಎರಡನೆಯ ವಾರದಲ್ಲಿ ಆಂಜೆಲಾ ಅವಳನ್ನು ಒಳಗೆ ಕರೆದು ಬಾಗಿಲು ಓರೆ ಮಾಡಿದಳು.

"ಬಾಯಿ, ಲಿಯೋನೆಲ್‌ಗೆ ಗೊತ್ತಾಗಬಾರದು. ಇಷ್ಟು ಚಿನ್ನ ಮೈಮೇಲೆ ಹಾಕಿಕೊಂಡು ವಿಮಾನ ಹತ್ತಿದರೆ ಕಸ್ಟಮ್ಸಿನವರು ಬಿಡುವುದಿಲ್ಲವಂತೆ. ನೀವು ಅತ್ತೆಮಾಂಯ್‌ನ ಸೀರೆಗಳಿಂದ ಗೋದಡಿ ಹೊಲಿಯುತ್ತಿದ್ದೀರಲ್ಲ, ಅದರೊಳಗೆ ಸೇರಿಸಿಬಿಡಿ. ಪೆಟ್ಟಿಗೆಯಲ್ಲಿ ಹೋಗಲಿ."

"ಗಂಡನಿಗೆ ಹೇಳದೆಯಾ?"

"ಅವರು ಹರಿಶ್ಚಂದ್ರನ ಮೊಮ್ಮಗ ಮಾರಾಯ್ತಿ! ಹೇಳಿದರೆ ಚಿನ್ನ ಇಲ್ಲೇ ಬಿಟ್ಟು ಬಾ ಎನ್ನುತ್ತಾರೆ."

ಬರ್ತಾ ತಣ್ಣಗೆ ಲೆಕ್ಕ ಹಾಕಿದಳು. ಗಂಡನಿಗೆ ಹೇಳುವಂತಿಲ್ಲ, ಪೊಲೀಸರಿಗೆ ಹೇಳುವಂತಿಲ್ಲ. ಮೂರು ತಿಂಗಳ ನಂತರ, ಏಳು ಸಮುದ್ರದಾಚೆ, ಗೋದಡಿ ಬಿಚ್ಚಿ ನೋಡಿದಾಗ ಅವಳು ಯಾರನ್ನು ಹಿಡಿದು ಕೇಳುತ್ತಾಳೆ? ಬೊಂಬಾಯಿಯ ಹಮಾಲಿಗಳನ್ನೇ? ಹಡಗಿನ ಖಲಾಸಿಗಳನ್ನೇ? ಬಾಯಿಗೆ ಸೆರಗು ತುರುಕಿ ಅಳಬೇಕು, ಅಷ್ಟೇ. ಕಳ್ಳತನಕ್ಕೆ ಒಳಗಿನಿಂದ ಚಿಲಕ ಹಾಕಿ ಕೊಟ್ಟವಳು ಆಂಜೆಲಾಳೇ.

ಎರಡನೆಯ ರಾಶಿಯಲ್ಲಿ ಜಿಡ್ಡು ಹಿಡಿದ ಹಳೇ ಪರದೆಗಳಿದ್ದವು. ಅವುಗಳನ್ನು ಸರಳಿಗೆ ತೂಗುಹಾಕುವ ಹಿತ್ತಾಳೆ ಬಳೆ ಹದಿನಾರು ಬಿಚ್ಚಿಕೊಂಡಳು. ಕಸದಿಂದಲೇ ತೆಗೆದದ್ದು, ಅವರಿಗೇ ವಾಪಸು. ಕೆಂಪು ಬಟ್ಟೆಯ ಎರಡು ಚೀಲ ಹೊಲಿದಳು, ಅಳತೆ ಒಂದೇ, ಹೊಲಿಗೆಯೂ ಒಂದೇ. ಒಂದಕ್ಕೆ ಹಿತ್ತಾಳೆ ತುಂಬಿ ಮೊದಲೇ ಬಾಯಿ ಹೊಲಿದಿಟ್ಟಳು. ಊಟವಾದ ಮೇಲೆ ಗೋದಡಿಯನ್ನು ಮಡಿಲ ತುಂಬ ಹರವಿ ಕೂತಳು. ಎದುರಿಗೆ ಕೂತ ಆಂಜೆಲಾ ತನ್ನ ಕೈಯಾರೆ ಚಿನ್ನವನ್ನು ಒಂದು ಚೀಲಕ್ಕೆ ತುಂಬಿದಳು. ಚೀಲದ ಬಾಯಿ ಹೊಲಿದು ಬರ್ತಾ ಗೋದಡಿಯ ಪದರದೊಳಗೆ ಕೈ ತೂರಿಸಿದಳು. ಮೂವತ್ತು ವರ್ಷ ಹೊಲಿದ ಬೆರಳುಗಳು. ಚಿನ್ನ ಮಡಿಲಿನ ಮಡಿಕೆಗೆ ಜಾರಿತು, ಹಿತ್ತಾಳೆ ಪದರದೊಳಗೆ ಕೂತಿತು. ಕಪ್ಪು ದಾರದಲ್ಲಿ ಸುತ್ತಲೂ ಹೊಲಿದು, "ನೀನೇ ಮುಟ್ಟಿ ನೋಡು," ಎಂದಳು. ಆಂಜೆಲಾ ಹಿಸುಕಿ ನೋಡಿ, "ಉಂಟು ಉಂಟು," ಎಂದು ನಕ್ಕಳು. ಆ ಗೋದಡಿಯನ್ನು ಮರುದಿನವೇ ಏಳನೆಯ ಪೆಟ್ಟಿಗೆಗೆ ಹಾಕಿ ಅಣ್ಣು ಆಚಾರಿ ಮೊಳೆ ಹೊಡೆದ.

ಇನ್ನು ಚಿನ್ನವನ್ನು ಗೇಟು ದಾಟಿಸಬೇಕು. ಅದು ಸುಲಭವಿರಲಿಲ್ಲ. ಒಂದು ಬೆಳ್ಳಿ ಚಮಚ ಕಾಣೆಯಾದಂದಿನಿಂದ ಆಂಜೆಲಾ ಹೊರಗೆ ಹೋಗುವವರ ಚೀಲಗಳನ್ನೆಲ್ಲ ಬಿಚ್ಚಿಸುತ್ತಿದ್ದಳು. ಕೆಲಸದ ಗುಣವತಿಯ ಬುತ್ತಿ, ಆಚಾರಿಯ ಉಳಿ ಬಾಚಿಯ ಚೀಲ, ಎಲ್ಲ. ಬರ್ತಾ ಶನಿವಾರ ಕಾರ್ಕಳಕ್ಕೆ ಹೊರಟಾಗಲೂ, "ತಪ್ಪು ತಿಳಿಯಬೇಡಿ ಬಾಯಿ, ಎಲ್ಲರದ್ದೂ ನೋಡುವುದು," ಎಂದು ನಗುತ್ತಾ ಅವಳ ಒಳಲಂಗವನ್ನೂ ಕೊಡವಿ ನೋಡಿದ್ದಳು. ಥೂ, ನಾಚಿಕೆಗೆಟ್ಟವಳು! ಆ ಲಂಗವನ್ನು ಬರ್ತಾ ಎರಡು ಸಲ ಒಗೆದು ಉಟ್ಟಿದ್ದಳು.

ಅದಕ್ಕೂ ಉಪಾಯ ಮೂರನೆಯ ರಾಶಿಯಲ್ಲೇ ಇತ್ತು. ಅತ್ತೆಯ ಕಾಲದ ದೊಡ್ಡ ಪಿಂಗಾಣಿ ಭರಣಿ. ಮಲ್ಪೆಯಿಂದ ಬಂಗುಡೆ ತರಿಸಿ ಮಳೆಗಾಲಕ್ಕೆ ಉಪ್ಪು ಹಾಕಿಡುತ್ತಿದ್ದದ್ದು ಅದರಲ್ಲಿ. ಮುದುಕಿ ಸತ್ತ ಮೇಲೆ ಅದರ ಮುಚ್ಚಳವನ್ನು ಯಾರೂ ತೆಗೆದಿರಲಿಲ್ಲ. ಉಗ್ರಾಣದಿಂದ ಹೊರಗೆ ತಂದ ದಿನ ಆಂಜೆಲಾ ಸೆರಗು ಮುಚ್ಚಿಕೊಂಡು ಓಡಿದ್ದಳು. "ಅಯ್ಯಯ್ಯೋ, ನನಗೆ ಆಗುವುದಿಲ್ಲಪ್ಪ! ಅದು ಬರ್ತಾ ಬಾಯಿಗೆ ಇರಲಿ." ಆ ಭರಣಿಯ ಬಾಯಿಗೆ ಈ ಮನೆಯಲ್ಲಿ ಯಾರೂ ಮೂಗು ತರಲಾರರು. ಹೊರಡುವ ದಿನ ತಮ್ಮ ಕೈಯಿಂದಲೇ ಎತ್ತಿ ಅವಳಿಗೆ ಕೊಡುತ್ತಾರೆ.

ಎಲ್ಲರೂ ಪಾಸ್‌ಪೋರ್ಟಿನ ಕೆಲಸಕ್ಕೆ ಉಡುಪಿಗೆ ಹೋದ ಮಧ್ಯಾಹ್ನ ಅವಳು ಮುಚ್ಚಳ ತೆಗೆದಳು. ವಾಸನೆ ಮುಖಕ್ಕೆ ಹೊಡೆಯಿತು. ಒಳಗೆ ಕಪ್ಪಾದ ನೀರು, ಕರಗಿದ ಮೀನಿನ ತಲೆಗಳು, ಬುಡದಲ್ಲಿ ಗಟ್ಟಿಯಾದ ಉಪ್ಪು. ಬೆಳ್ಳಗೆ ಏನೋ ಹರಿದಾಡುತ್ತಿತ್ತು. ಏನೆಂದು ನೋಡಲಿಕ್ಕೆ ಅವಳು ಹೋಗಲಿಲ್ಲ. ಮೇಣದ ಬಟ್ಟೆಯಲ್ಲಿ ಸುತ್ತಿದ ಚೀಲವನ್ನು ಹಿಡಿದು ಮೊಣಕೈವರೆಗೆ ತೋಳನ್ನು ಇಳಿಸಿದಳು. ಉಪ್ಪನ್ನು ಉಗುರಿನಿಂದ ಕೆರೆದು, ಚೀಲ ಹೂತು, ಮೇಲೆ ಮೀನಿನ ರೊಚ್ಚೆ ಎಳೆದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಎರಡು ಸಲ ಬಾವಿಕಟ್ಟೆಗೆ ಓಡಿ ಕಾರಿದಳು. ಮುಚ್ಚಳದ ಮೇಲೆ ಬಟ್ಟೆ ಬಿಗಿದು, ಸಾಬೂನು ಸವೆಯುವವರೆಗೆ ಕೈ ತೊಳೆದರೂ ಉಗುರಿನ ಸಂದಿನ ನಾತ ಹೋಗಲಿಲ್ಲ. ಎಂಟು ವರ್ಷ ಬಾಚಿದ್ದಕ್ಕೆ ಇದೊಂದು ಕಡೆಯ ಬಾಚುವಿಕೆ, ಆ ಮೇಲೆ ಹಿತ್ತಾಳೆಯ ಚಿಲಕ ಎಂದು ಸಮಾಧಾನ ಮಾಡಿಕೊಂಡಳು.

ಕೊನೆಯ ದಿನ ಭಾನುವಾರ. ಬರ್ತಾ ಬೆಳಗಿನ ಪೂಜೆಗೆ ಇಗರ್ಜಿಗೆ ಹೋದಳು. ಪಾಪನಿವೇದನೆಗೆ ಮಾತ್ರ ಹೋಗಲಿಲ್ಲ. ಸಿಗಬೇಕಾದದ್ದನ್ನು ತೆಗೆದುಕೊಂಡರೆ ಅದು ಪಾಪ ಹೇಗಾದೀತು? ತಿರುಗಿ ಬರುವಾಗ ಅಂಗಳದಲ್ಲಿ ಸುತ್ತಿಗೆಯ ಸದ್ದು.

"ಇನ್ನೂ ಮುಗಿಯಲಿಲ್ಲವಾ ಆಚಾರಿ?"

"ಒಂದು ಪೆಟ್ಟಿಗೆಯ ಮುಚ್ಚಳ ಬಿಟ್ಟಿತ್ತು ಬಾಯಮ್ಮ," ಎಂದ ಅಣ್ಣು, ತಲೆ ಎತ್ತದೆ. ಒಂದು ಮೊಳೆಯನ್ನು ನೆಟ್ಟಗೆ ಹೊಡೆಯಲಿಕ್ಕೆ ಬಾರದವನಿಗೆ ಆಚಾರಿ ಎಂಬ ಹೆಸರು ಬೇರೆ ಎಂದುಕೊಂಡಳು ಬರ್ತಾ. ಬಾವಿಕಟ್ಟೆಯಲ್ಲಿ ಗುಣವತಿ ಬೂದಿಯ ಕೈಗೆ ಲಿಂಬೆಸಿಪ್ಪೆ ತಿಕ್ಕುತ್ತಿದ್ದಳು. ಇವಳನ್ನು ಕಂಡು ಮುಖ ತಿರುಗಿಸಿದಳು. ಯಜಮಾನಿ ಹೊರಡುವ ಮೊದಲೇ ಲಿಂಬೆಹಣ್ಣಿಗೆ ಕೈ ಹಾಕಿದ್ದಾಳೆ, ಕಳ್ಳಿ!

ಲಾರಿ ಬಂದು ಹನ್ನೊಂದು ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋಯಿತು. ಬರ್ತಾ ತನ್ನ ಚೀಲವನ್ನು ತಾನೇ ಅಗಲಿಸಿ ಆಂಜೆಲಾಳ ಮುಂದೆ ಹಿಡಿದಳು. ನೋಡಿಕೋ, ಚೆನ್ನಾಗಿ ನೋಡಿಕೋ.

"ಬೇಡ ಬಾಯಿ," ಎಂದಳು ಆಂಜೆಲಾ. "ನಿಮ್ಮದನ್ನು ಇನ್ನು ಎಂತ ನೋಡುವುದು?"

ಅಂತೂ ಕಡೆಯ ದಿನವಾದರೂ ನಾಚಿಕೆ ಹುಟ್ಟಿತಲ್ಲ ಎಂದು ಬರ್ತಾಳಿಗೆ ಖುಷಿಯಾಯಿತು. ಗೋಣಿಯಲ್ಲಿ ಸುತ್ತಿ ಹುಲ್ಲಿನ ಹಗ್ಗದಲ್ಲಿ ಬಿಗಿದಿದ್ದ ಭರಣಿಯನ್ನು ಆಂಜೆಲಾ ಯಾರಿಗೂ ಬಿಡದೆ ತಾನೇ ಎತ್ತಿ ಅಣ್ಣುವಿನ ಹೆಗಲಿಗೆ ಕೊಟ್ಟಳು. "ದಾರಿಯಲ್ಲಿ ಬಿಚ್ಚಬೇಡಿ ಬಾಯಿ. ಮನೆಗೆ ಹೋಗಿ ನಿಧಾನಕ್ಕೆ ನೋಡಿ." ಕಟ್ಟುಹಲ್ಲಿನ ಲೋಟ ಇದ್ದ ಮಿಕ್ಕ ರಾಶಿಯನ್ನು ಬರ್ತಾ ಮತ್ತೊಮ್ಮೆ ಬಂದು ಒಯ್ಯುತ್ತೇನೆ ಎಂದು ಅಲ್ಲೇ ಬಿಟ್ಟಳು. ಭರಣಿಯೊಂದನ್ನೇ ಆರಿಸಿಕೊಂಡದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ.

ಕಾಪುವಿನಿಂದ ಉಡುಪಿ, ಉಡುಪಿಯಿಂದ ಕಾರ್ಕಳ. ಎರಡೂ ಬಸ್ಸಿನಲ್ಲಿ ಭರಣಿಯನ್ನು ಕಾಲುಗಳ ನಡುವೆ ಇಟ್ಟುಕೊಂಡು, ಕರವಸ್ತ್ರ ಮೂಗಿಗೆ ಒತ್ತಿಯೇ ಕೂತಳು. ಕಂಡಕ್ಟರು ಜಗಳಕ್ಕೆ ಬಂದಾನೆಂದು ಉತ್ತರ ಸಿದ್ಧ ಮಾಡಿಟ್ಟಿದ್ದಳು. ಅವನು ಟಿಕೆಟು ಹರಿದು ಕೊಟ್ಟು ಸುಮ್ಮನೆ ಹೋದ. ಪಕ್ಕದ ಹೆಂಗಸು ಹೆಬ್ರಿಗೆ ಹೋಗುವವಳು, ಭರಣಿಯ ಮೇಲೆಯೇ ಕೈಯಿಟ್ಟು ತೂಕಡಿಸಿದಳು. ಈ ಜನರ ಮೂಗುಗಳು ಸತ್ತೇಹೋಗಿವೆ ಎಂದು ಬರ್ತಾ ಅಸಹ್ಯಪಟ್ಟುಕೊಂಡಳು. ತೋಡಿನ ನೀರಿನ ಹಾಗೆ ಮನಸ್ಸು ಮಾತ್ರ ಬಜಗೋಳಿಯ ಕಡೆಗೇ ಹರಿಯುತ್ತಿತ್ತು. ನಾಳೆಯೇ ಹೋಗಿ ಮನೆಯವರೊಡನೆ ಮಾತಾಡಬೇಕು. ಕಕ್ಕಸಿಗೆ ಹೊಸ ಸುಣ್ಣ ಹೊಡೆಸಬೇಕು.

ಕೋಣೆಗೆ ಬಂದು ಮುಂದಿನ ಬಾಗಿಲಿಗೆ ಚಿಲಕ ಹಾಕಿದಳು. ಹಗ್ಗ ಕೊಯ್ದಳು, ಗೋಣಿ ಬಿಚ್ಚಿದಳು. ಉಸಿರು ಬಿಗಿಹಿಡಿದು ಮುಚ್ಚಳ ತೆಗೆದಳು. ಎಷ್ಟು ಹೊತ್ತು ಉಸಿರು ಹಿಡಿದಾಳು? ಬಿಟ್ಟು ಎಳೆದುಕೊಂಡಾಗ ನಾತವಿರಲಿಲ್ಲ. ಬೂದಿಯ, ಲಿಂಬೆಯ ವಾಸನೆ. ಭರಣಿಯ ಒಳಮೈ ಹಾಲಿನಂತೆ ಬೆಳ್ಳಗಿತ್ತು. ಅದನ್ನು ನೆಲಕ್ಕೆ ಬೋರಲು ಹಾಕಿದಳು. ಒಂದು ಹಿಡಿ ಕುಚ್ಚಲಕ್ಕಿ ಸುರಿಯಿತು, ಅದರೊಟ್ಟಿಗೆ ಹದಿನಾರು ಹಿತ್ತಾಳೆ ಬಳೆಗಳು ಠಣಠಣ ಉರುಳಿದವು, ಕೊನೆಗೆ ಬಿಚ್ಚಿದ ಕಪ್ಪು ದಾರದ ಸಣ್ಣ ಉಂಡೆ. ಆ ಮನೆಯಿಂದ ಯಾವ ಪಾತ್ರೆಯೂ ಯಾವತ್ತೂ ಖಾಲಿ ಹೊರಗೆ ಹೋದದ್ದಿಲ್ಲ. ನಾರುವ ಭರಣಿಗೆ ಅಕ್ಕಿ ಹಾಕಲಿಕ್ಕಾಗುತ್ತದೆಯೇ? ಮೊದಲು ತೊಳೆಯಬೇಕು. ಅವಳು ಇಗರ್ಜಿಯಲ್ಲಿ ಮೊಣಕಾಲೂರಿದ್ದಾಗ ಆಂಜೆಲಾ ಗುಣವತಿಯಿಂದ ಅದನ್ನು ತೊಳೆಸಿದ್ದಳು; ಬುಡದ ಚೀಲ ಕಂಡ ಮೇಲೆ ಏಳನೆಯ ಪೆಟ್ಟಿಗೆಯನ್ನೂ ಬಿಚ್ಚಿಸಿದ್ದಳು. ಮೂರು ವರ್ಷ ಆ ಒಂದು ಹಿಡಿ ಅಕ್ಕಿಯನ್ನು ಶಪಿಸುತ್ತಾ ಎಸೆದವಳಿಗೆ ಅದೊಂದು ಮಾತು ಮರೆತೇಹೋಗಿತ್ತು. ಅಕ್ಕಿ ಉದುರಿದ ಸದ್ದಿಗೆ ರತ್ನಾವತಿಯ ಕೋಳಿಗಳು ಆಗಲೇ ಹಿತ್ತಿಲ ಬಾಗಿಲಿಗೆ ಬಂದು ನಿಂತಿದ್ದವು, ಅವುಗಳಿಗೆ ಮರೆತಿರಲಿಲ್ಲ.