ಜಲ್ಲಿಗಂಟಿದ ಜೀವ

"ಇವರು ನಮ್ಮ ಅಂಕಲ್. ಆಗ ಇಲ್ಲಿ ಗಾರೆ ಕೆಲಸ ನೋಡ್ಕೊಂಡಿದ್ರು" ಎಂದು ನಿತೀಶ್ ಪರಿಚಯ ಮಾಡಿಕೊಟ್ಟಾಗ ತೊಟ್ಟಿ ನೋಡಲು ಬಂದಿದ್ದವರೆಲ್ಲ ಅಂಜನಮೂರ್ತಿಯತ್ತ ತಿರುಗಿ ನಯವಾಗಿ ನಕ್ಕರು. ಅಂಜನಮೂರ್ತಿಯೂ ನಕ್ಕ. ಅವತ್ತಿನಿಂದ ಅವನಿಗೆ ಒಂದು ಕಡೆ ಕೂರಲು ಆಗಲಿಲ್ಲ.

ದೊಮ್ಮಲೂರಿನ ಆ ಅಪಾರ್ಟ್‌ಮೆಂಟಿನ ಹಿಂಭಾಗದಲ್ಲಿ ಜಲ್ಲಿ ತೊಟ್ಟಿ ಮಾಡಿದ್ದು ಅವನು. ಗಾರೆ ಮೆತ್ತಿದ್ದಲ್ಲ. ಮನೆಮನೆಯ ಬಚ್ಚಲು, ಕಕ್ಕಸಿನ ನೀರು ಯಾವ ಇಳಿಜಾರಿನಲ್ಲಿ ಬರಬೇಕು, ಎಲ್ಲಿ ತಂಗಬೇಕು, ಎಂಥ ಜಲ್ಲಿಯ ನಡುವೆ ಹಾಯಬೇಕು, ಮೇಲೆ ಕಾಬಾಳೆ ನೆಡಬೇಕೋ ಜೊಂಡು ನೆಡಬೇಕೋ ಎಂದು ತಲೆ ಕೆಡಿಸಿಕೊಂಡವನು ಅವನು. ಕಣ್ಣಿಗೆ ಕಾಣದ ಜೀವಿಗಳು ಲೋಳೆಯಾಗಿ ಜಲ್ಲಿಗೆ ಅಂಟಿಕೊಂಡು, ಹರಿದು ಬರುವ ಕೊಳೆಯನ್ನೇ ತಿಂದು ಬದುಕುತ್ತಿದ್ದವು. ತಿಳಿಯಾದ ನೀರು ತುದಿಯಲ್ಲಿ ಒಂದು ಪುಟ್ಟ ಕೊಳಕ್ಕೆ ಬೀಳುತ್ತಿತ್ತು. ಆ ಕೊಳದಲ್ಲಿ ಮೊದಲ ಸಲ ಮೀನು ಬದುಕುಳಿದಾಗ ಅವನು ಹೆಂಡತಿಯನ್ನು ಜೋಗುಪಾಳ್ಯದಿಂದ ಆಟೋದಲ್ಲಿ ಕರೆತಂದು ತೋರಿಸಿದ್ದ. "ಕಕ್ಕಸಿನ ನೀರಲ್ಲಿ ಮೀನಾ!" ಎಂದು ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಈಗ ತೊಟ್ಟಿಯ ಮುಂದೆ ನಿತೀಶನ ಕಂಪನಿಯ ಹೆಸರಿನ ಹಿತ್ತಾಳೆ ಫಲಕ. ನೋಡಿಕೊಳ್ಳುವ ಗುತ್ತಿಗೆ ಅವನಿಗೆ ಹೋಗಿತ್ತು, ಹೋಗಲಿ. ಆದರೆ ಊರಿನ ಅಪಾರ್ಟ್‌ಮೆಂಟಿನವರನ್ನೆಲ್ಲ ಕರೆದು "ನಮ್ಮ ಡಿಸೈನ್" ಎಂದು ತೋರಿಸುವುದೆಂದರೆ? ಅಲ್ಲಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಸಿದ್ಧಾರ್ಥ್‌ನನ್ನು ಪಕ್ಕಕ್ಕೆ ಕರೆದು ಅಂಜನಮೂರ್ತಿ ಕೇಳಿದ.

"ಬಿಡಿ ಸಾರ್, ಈಗ ಎಲ್ಲಾ ಅವ್ರೇ ತಾನೆ ನೋಡ್ಕೊಳ್ತಿರೋದು. ಒಂದು ಬೋರ್ಡಿಗೆ ಯಾಕೆ ಬೇಜಾರು ಮಾಡ್ಕೋತೀರಾ?"

ಮನೆಗೆ ಬಸ್ಸು ಹತ್ತದೆ ನಡೆದೇ ಹೊರಟ. ದೊಮ್ಮಲೂರು ಫ್ಲೈಓವರ್ ದಾಟಿದ್ದು, ಹಲಸೂರಿನ ಕಡೆ ತಿರುಗಿದ್ದು ಯಾವುದೂ ಗೊತ್ತಾಗಲಿಲ್ಲ. ಮನೆ ಬಾಗಿಲು ತಳ್ಳುವ ಹೊತ್ತಿಗೆ ತೀರ್ಮಾನವಾಗಿತ್ತು. ತೊಟ್ಟಿ ನಿತೀಶನ ಕೈಯಲ್ಲಿ ಸಾಯಬೇಕು. ತನ್ನ ಕೈಯಲ್ಲಿ ಬದುಕಬೇಕು.

ಸಾಯಿಸುವುದು ಕಷ್ಟವಲ್ಲ. ಬ್ಲೀಚಿಂಗ್ ದ್ರಾವಣ ಸಾಕು. ಬಟ್ಟೆಯ ಕಲೆ ತೆಗೆಯುವಂಥದ್ದೇ, ಇನ್ನಷ್ಟು ಗಟ್ಟಿ. ತೊಟ್ಟಿಯ ಬಾಯಲ್ಲಿರುವ ಲೋಳೆ ಸತ್ತರೆ ಸಾಕು, ಉಳಿದದ್ದರ ಮೇಲೆ ಕೊಳೆ ತಾನಾಗಿ ನುಗ್ಗಿ ಉಸಿರು ಕಟ್ಟಿಸುತ್ತದೆ. ಆಮೇಲೆ ನೀರಿನಲ್ಲಿ ಅಮೋನಿಯಾ ಏರುತ್ತದೆ, ನಾತ ಏಳುತ್ತದೆ, ಮೀನು ತೇಲುತ್ತವೆ. ಅಷ್ಟು ಹೊತ್ತಿಗೆ ಬ್ಲೀಚಿಂಗ್ ಕರಗಿ ಗುರುತೇ ಉಳಿದಿರುವುದಿಲ್ಲ. ಯಾವ ಪ್ರಯೋಗಾಲಯಕ್ಕೆ ಕಳಿಸಿದರೂ ಬರುವ ಉತ್ತರ ಒಂದೇ: ಸರಿಯಾಗಿ ನೋಡಿಕೊಂಡಿಲ್ಲ.

ಬದುಕಿಸುವುದೇ ಕಷ್ಟ. ಆದ್ದರಿಂದ ಅವನು ಅದನ್ನೇ ಮೊದಲು ಹಿಡಿದ. ಮತ್ತೆ ಬಿತ್ತಲು ಬೀಜವಿಲ್ಲದೆ ತನ್ನ ತೊಟ್ಟಿಯನ್ನು ಕೊಲ್ಲಲು ಅವನಿಗೆ ಮನಸ್ಸು ಬರಲಿಲ್ಲ.

ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಮೆಹರುನ್ನೀಸಾ ಎಂಬ ನಿವೃತ್ತ ಟೀಚರ್ ಒಬ್ಬರೇ ಇದ್ದರು. ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವರು. ದಿನಾ ಬೆಳಿಗ್ಗೆ ಕೊಳದ ಮೀನಿಗೆ ತೌಡು ಹಾಕುವುದು ಅವರ ಅಭ್ಯಾಸ. ತೊಟ್ಟಿ ಕಟ್ಟುವಾಗ ಬಿಸಿಲಲ್ಲಿ ನಿಂತಿದ್ದ ಅಂಜನಮೂರ್ತಿಗೆ ಚಹಾ ಕಳಿಸಿದ್ದೂ ಅವರೇ. ಅವನನ್ನು ಕಂಡರೆ ಈಗಲೂ ಒಳಗೆ ಕರೆಯದೆ ಬಿಡುತ್ತಿರಲಿಲ್ಲ. ಅವನು ಹೋಗತೊಡಗಿದ. ಒಂದು ಸಲ ಅವರ ನಲ್ಲಿಯ ವಾಷರ್ ಬದಲಾಯಿಸಿದ, ಇನ್ನೊಂದು ಸಲ ಸಿಂಕಿನ ಪೈಪು ಬಿಗಿಮಾಡಿದ. ಹಿಂದಿನ ಬಾಗಿಲಾಚೆಯೇ ಎಲ್ಲ ಮನೆಗಳ ಕೊಳೆನೀರು ಬಂದು ಸೇರುವ ಚೇಂಬರ್. ಪ್ರತಿ ಸಲ ಹೊರಡುವಾಗ ಅದರ ಮುಚ್ಚಳ ಎತ್ತಿ ಒಂದು ಕ್ಯಾನಿನಲ್ಲಿ ಕೊಳೆನೀರು ತುಂಬಿಕೊಂಡ. ತೊಟ್ಟಿಯಿಂದ ಲೋಳೆ ಹಿಡಿದ ಒಂದು ಹಿಡಿ ಜಲ್ಲಿಯನ್ನು ಜೇಬಿಗೆ ಹಾಕಿಕೊಂಡ.

ಜೋಗುಪಾಳ್ಯದ ಮನೆಯ ತಾರಸಿಯ ಮೇಲೆ ನೀಲಿ ಡ್ರಮ್ಮುಗಳು ಬಂದವು. ಹೊಸ ತಿಪ್ಪಸಂದ್ರದ ಅಕ್ವೇರಿಯಂ ಅಂಗಡಿಯಿಂದ ಗಾಳಿ ಊದುವ ಪಂಪು ತಂದ. ಹೊಸ ಜಲ್ಲಿ ತುಂಬಿ, ಹಳೆ ಜಲ್ಲಿ ಬೆರೆಸಿ, ಕ್ಯಾನಿನ ನೀರು ಉಣಿಸುತ್ತ ಹೋದ. ಕರೆಂಟು ಹೋದರೆ ಊಟ ಬಿಟ್ಟು ಮೇಲಕ್ಕೋಡಿ ಕೋಲಿನಿಂದ ಕದಡುತ್ತಿದ್ದ.

"ಅದೇನ್ರೀ ಮೇಲೆ ಯಾವಾಗ್ಲೂ ಬುಳುಬುಳು ಅಂತಾ ಇರುತ್ತೆ? ಪಕ್ಕದ್ಮನೆಯೋರು ವಾಸನೆ ಅಂತಿದಾರೆ" ಎಂದಳು ಹೆಂಡತಿ.

"ಕೆಲಸದ್ದು ಕಣೆ. ಸುಮ್ನಿರು."

ಕೊನೆಗೊಂದು ದಿನ ಜಲ್ಲಿಯನ್ನು ಮುಟ್ಟಿದರೆ ಬೆರಳು ಜಾರಿತು. ಮೂಗಿಗೆ ಹಿಡಿದ. ಮಳೆ ಬಿದ್ದ ಮಣ್ಣಿನ ವಾಸನೆ. ಅವನ ಕಣ್ಣು ತುಂಬಿ ಬಂತು.

ಇನ್ನು ಬಾಕಿ ಇದ್ದದ್ದು ಮೊದಲ ಅರ್ಧ, ಸಾಯಿಸುವುದು. ಬ್ಲೀಚಿಂಗ್ ದ್ರಾವಣವನ್ನು ಒಂದೇ ಕಡೆ ಕೊಳ್ಳಲಿಲ್ಲ, ಕೆ.ಆರ್. ಪುರಂ ಸಂತೆಯ ಹತ್ತಿರ ಸ್ವಲ್ಪ, ಶಿವಾಜಿನಗರದ ಗಲ್ಲಿಯಲ್ಲಿ ಸ್ವಲ್ಪ. ಶುಕ್ರವಾರ ಮಧ್ಯಾಹ್ನ ಪಂಪು ನಿಲ್ಲಿಸಿರುತ್ತಾರೆ, ತೊಟ್ಟಿಯಲ್ಲಿ ನೀರು ತೀರಾ ಇಳಿದಿರುತ್ತದೆ. ಆಗ ಬಿಟ್ಟರೆ ತೆಳುವಾಗದೆ ನೇರ ಜಲ್ಲಿಗೆ ಇಳಿಯುತ್ತದೆ. ಮೆಹರುನ್ನೀಸಾರ ಹಿಂಬಾಗಿಲಾಚೆ ಬಟ್ಟೆ ಒಗೆಯುವ ಜಾಗದ ಮೋರಿ ನೇರ ತೊಟ್ಟಿಗೇ ಸೇರುತ್ತದೆ; ಅಲ್ಲಿ ಬ್ಲೀಚಿಂಗ್ ವಾಸನೆ ಬಂದರೆ ಯಾರೂ ತಿರುಗಿ ನೋಡುವುದಿಲ್ಲ.

ಆ ಶುಕ್ರವಾರ ಮೆಹರುನ್ನೀಸಾ ನಮಾಜಿಗೆ ಒಳಗೆ ಹೋದರು. "ಮೂರ್ತಿ ಭಾಯ್, ಚಹಾ ಇಟ್ಟಿದೀನಿ. ಕುಡಿದೇ ಹೋಗ್ಬೇಕು, ಆಯ್ತಾ?"

"ಆಯ್ತು ಆಪಾ."

ಚೀಲದಿಂದ ಕ್ಯಾನುಗಳನ್ನು ತೆಗೆದು ಮೋರಿಗೆ ಬಗ್ಗಿಸಿದ. ಸದ್ದಾಗದಂತೆ ಗೋಡೆಗೆ ಆನಿಸಿ ಸುರಿದ. ಒಳಗಿನಿಂದ ಪ್ರಾರ್ಥನೆಯ ಮೆಲುದನಿ ಕೇಳುತ್ತಿತ್ತು. ಮುಗಿದ ಮೇಲೆ ಕೈ ತೊಳೆದುಕೊಂಡು, ಚಹಾ ಕುಡಿದು, ಏಲಕ್ಕಿ ಚೆನ್ನಾಗಿದೆ ಎಂದು ಹೇಳಿ ಹೊರಬಿದ್ದ.

ಆಮೇಲಿನ ದಿನಗಳನ್ನು ಕಳೆಯುವುದೇ ದೊಡ್ಡ ಶಿಕ್ಷೆಯಾಯಿತು. ದೊಮ್ಮಲೂರಿನ ಕಡೆ ತಲೆ ಹಾಕಬಾರದು ಎಂದು ತನಗೆ ತಾನೇ ಕಟ್ಟುಹಾಕಿಕೊಂಡಿದ್ದ. ಹಲಸೂರು ಕೆರೆಯ ಸುತ್ತ ನಡೆದ. ಮೆಟ್ರೋ ಹತ್ತಿ ಸುಮ್ಮನೆ ಇಂದಿರಾನಗರದಲ್ಲಿ ಇಳಿದು, ಮತ್ತೆ ಹತ್ತಿ ವಾಪಸು ಬಂದ. ಫೋನು ಮಿಣುಕಿದಾಗಲೆಲ್ಲ ತೆಗೆದು ಹೆಸರು ನೋಡುತ್ತಿದ್ದ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ: ಮೊದಲ ಸಲ ಫೋನು ಎತ್ತಬಾರದು. ಎತ್ತಿದಾಗ "ಏನಾಯ್ತು?" ಎನ್ನಬೇಕು. ಬ್ಲೀಚಿಂಗ್ ಎಂಬ ಮಾತು ತನ್ನ ಬಾಯಿಂದ ಯಾವ ಕಾರಣಕ್ಕೂ ಬರಬಾರದು. ನಿತೀಶನನ್ನು ಬೈಯಬಾರದು, ಪಾಪ ಎನ್ನಬೇಕು.

ಮರುವಾರದ ಭಾನುವಾರ ಬೆಳಿಗ್ಗೆ ಸಿದ್ಧಾರ್ಥ್ ಫೋನು ಮಾಡಿದ. ಅಂಜನಮೂರ್ತಿ ಎತ್ತಲಿಲ್ಲ. ಮತ್ತೆ ಬಂತು.

"ಸಾರ್, ತೊಟ್ಟಿ ಹಾಳಾಗ್ಬಿಟ್ಟಿದೆ ಸಾರ್. ನಾತಕ್ಕೆ ಯಾರೂ ಕಿಟಕಿ ತೆಗೀತಿಲ್ಲ. ಮೀನೆಲ್ಲ ಸತ್ತೋದ್ವು. ಆ ನಿತೀಶ್ ಏನೇನೋ ಪುಡಿ ಹಾಕ್ದ, ಏನೂ ಆಗ್ಲಿಲ್ಲ. ನೀವೊಂದ್ಸಲ ಬರ್ಬೇಕು ಸಾರ್, ದಯವಿಟ್ಟು."

"ಅಯ್ಯೋ, ಏನಾಯ್ತು?" ಎಂದ ಅಂಜನಮೂರ್ತಿ. ದನಿ ಸರಿಯಾಗಿಯೇ ಬಂದಿತ್ತು.

ಲಗೇಜ್ ಆಟೋದಲ್ಲಿ ಡ್ರಮ್ಮುಗಳ ಪಕ್ಕದಲ್ಲೇ ಕುಳಿತು, ಗುಂಡಿಗಳಲ್ಲಿ ಎರಡೂ ಕೈಯಿಂದ ಹಿಡಿದುಕೊಂಡು ಹೋದ. ಹಿತ್ತಿಲಲ್ಲಿ ಅಪಾರ್ಟ್‌ಮೆಂಟಿನ ಅರ್ಧ ಜನ ಸೇರಿದ್ದರು. ಕಾಬಾಳೆಯ ಎಲೆಗಳು ಅಂಚಿನಲ್ಲಿ ಸುಟ್ಟಂತಿದ್ದವು. ಫಲಕವನ್ನು ಯಾರೋ ಆಗಲೇ ಬಿಚ್ಚಿ ಗೋಡೆಗೆ ಒರಗಿಸಿದ್ದರು. ನಿತೀಶ್ ಗಡ್ಡ ಕೂಡ ಕೆರೆಯದೆ ಬಂದು ಒಂದು ಬದಿಗೆ ನಿಂತಿದ್ದ. ಮೆಹರುನ್ನೀಸಾ ಖಾಲಿ ಕೊಳದ ಕಟ್ಟೆಯ ಮೇಲೆ ಕುಳಿತಿದ್ದರು. ಮಡಿಲಲ್ಲಿ ತೌಡಿನ ಡಬ್ಬಿ. ಅವರ ಕಡೆ ನೋಡಲು ಅಂಜನಮೂರ್ತಿಗೆ ತುಸು ಹೊತ್ತು ಹಿಡಿಯಿತು.

ತೊಟ್ಟಿಗಿಳಿದು ಜಲ್ಲಿ ಕೆದಕಿದ. ಕಪ್ಪಗೆ ಕೊಳೆತಿತ್ತು. ತಾನೇ ಮಾಡಿದ್ದೆಂದು ಗೊತ್ತಿದ್ದೂ ಒಂದು ಹಿಡಿ ಎತ್ತಿ ಬೆರಳಿನಿಂದ ಉಜ್ಜಿ ಲೋಳೆ ಹುಡುಕಿದ; ನಟಿಸಬೇಕಾಗಿಯೇ ಬರಲಿಲ್ಲ.

"ಪಾಪ, ಹುಡುಗನ ತಪ್ಪಲ್ಲ. ಇದರ ಸ್ವಭಾವ ಗೊತ್ತಿರ್ಬೇಕು ಅಷ್ಟೇ" ಎಂದ.

ಸಿದ್ಧಾರ್ಥ್ ಕೈಜೋಡಿಸಿದ. "ಇನ್ಮೇಲೆ ಇದು ನಿಮ್ದೇ ಸಾರ್. ಬೋರ್ಡೂ ನಿಮ್ಮ ಹೆಸರಲ್ಲೇ ಹಾಕಿಸ್ತೀವಿ."

ಅಂಜನಮೂರ್ತಿ ಡ್ರಮ್ಮಿನ ಮುಚ್ಚಳ ತೆಗೆದ. ಹಸಿಮಣ್ಣಿನ ಪರಿಮಳ ಆ ನಾತದ ನಡುವೆ ಎದ್ದು ಬಂತು. ಜನ ಒಂದು ಹೆಜ್ಜೆ ಹತ್ತಿರ ಬಂದರು.

"ನಾನು ಬೇರೆ ಪ್ಲಾಂಟಿಂದ ಇಂಥ ಜಲ್ಲಿ ತರ್ಸೋಣ ಅಂತಿದ್ದೆ ಸಾರ್" ಎಂದ ನಿತೀಶ್ ಸಣ್ಣ ದನಿಯಲ್ಲಿ. "ನೀವು ಇದನ್ನ ಯಾವಾಗ್ಲೂ ಸ್ಟಾಕ್ ಇಟ್ಟಿರ್ತೀರಾ?"

"ಸ್ಟಾಕ್ ಇಡೋಕೆ ಇದೇನು ಸಿಮೆಂಟಾ?" ಅಂಜನಮೂರ್ತಿ ಎಲ್ಲರಿಗೂ ಕೇಳುವಂತೆ ಹೇಳಿದ. ಗಾರೆ ಕೆಲಸದ ಮಾತಿಗೆ ಈಗ ಉತ್ತರ ಸಿಕ್ಕಿತ್ತು. "ಇನ್ನೊಬ್ಬರ ಮನೆ ಕೊಳೆ ತಿಂದು ಬೆಳೆದದ್ದು ಇಲ್ಲಿ ಬಂದು ನಿಲ್ಲಲ್ಲ. ಇದನ್ನ ಈ ತೊಟ್ಟಿಗೆ ಅಂತಲೇ, ಈ ಅಪಾರ್ಟ್‌ಮೆಂಟ್ ನೀರಲ್ಲೇ ಬೆಳೆಸಿದೀನಿ."

ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು.

ಮೆಹರುನ್ನೀಸಾ ಎದ್ದು ಬಂದು ಡ್ರಮ್ಮಿನೊಳಗೆ ಬಗ್ಗಿ ನೋಡಿದರು. ಅಳುತ್ತಿದ್ದ ಮುಖದಲ್ಲಿ ಸಣ್ಣ ಆಸೆ ಮೂಡಿತ್ತು. "ಎಷ್ಟು ಚೆನ್ನಾಗಿದೆ, ಮೂರ್ತಿ ಭಾಯ್. ಇಷ್ಟು ಬೆಳೆಯೋಕೆ ಎಷ್ಟು ದಿನ ಹಿಡಿಯುತ್ತೆ?" ಅಂಜನಮೂರ್ತಿ ಒಂದು ಜಲ್ಲಿಯನ್ನು ಎತ್ತಿ ಅವರ ಅಂಗೈಯಲ್ಲಿಟ್ಟ. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಪ್ರಶ್ನೆಗಳಲ್ಲಿ ಇದು ಇರಲಿಲ್ಲ. ಇದು ಅನುಮಾನದ ಪ್ರಶ್ನೆಯಲ್ಲ, ಮೆಚ್ಚಿ ಕೇಳಿದ್ದು. ಅವನೂ ಮನಸ್ಸು ಬಿಚ್ಚಿಯೇ ಹೇಳಿದ. "ಒಂದೂವರೆ ತಿಂಗಳು ಆಪಾ. ಒಂದು ದಿನ ಕಡಿಮೆ ಆದ್ರೂ ಲೋಳೆ ಹಿಡಿಯಲ್ಲ. ಮಗು ಥರ ಸಾಕಿದೀನಿ." ಚಪ್ಪಾಳೆ ನಿಂತಿತ್ತು. ನಿತೀಶ್ ಗೋಡೆಯಿಂದ ಬೆನ್ನು ತೆಗೆದು ನೆಟ್ಟಗೆ ನಿಂತ. ಮೆಹರುನ್ನೀಸಾ ಅಂಗೈಯ ಜಲ್ಲಿಯನ್ನೂ, ಬರಿದಾದ ಕೊಳವನ್ನೂ, ತಮ್ಮ ಮನೆಯ ಹಿಂಬಾಗಿಲನ್ನೂ ಒಂದಾದ ಮೇಲೊಂದು ನೋಡಿ, ತುಂಬ ಮೆಲ್ಲಗೆ, ತರಗತಿಯಲ್ಲಿ ಲೆಕ್ಕ ತಪ್ಪಿದ ಮಗುವನ್ನು ಕೇಳುವಂತೆ ಕೇಳಿದರು: "ಆದ್ರೆ ಭಾಯ್, ನನ್ನ ಮೀನು ಹೋದ ವಾರದ ತನಕ ಚೆನ್ನಾಗೇ ಇದ್ವಲ್ಲಾ?"