ಟ್ಯಾಂಕಿನ ಗನ್ನು ಕಚ್ಚಿದ್ದು ಯಾರು?

"ಇದನ್ನು ಸರಿ ಮಾಡ್ಲಿಕ್ಕೆ ಆಗ್ತದಾ?"

ಮಂಗಳೂರಿನ ಬೆಂದೂರ್‌ವೆಲ್ಲಿನ ಆ ಲ್ಯಾಬಿನ ಕೌಂಟರಿನ ಮೇಲೆ ಅವನು ಇಟ್ಟದ್ದು ದವಡೆಯ ಅಚ್ಚಲ್ಲ, ಹಲ್ಲಿನ ಸೆಟ್ಟೂ ಅಲ್ಲ. ಅಂಗೈಯಷ್ಟು ದೊಡ್ಡ ಒಂದು ಮಿಲಿಟರಿ ಟ್ಯಾಂಕು!

ಯಶ್ಮಿತಾ ಕಣ್ಣೆತ್ತಿದಳು. ಕೊರಳಲ್ಲಿ ಪಣಂಬೂರು ಬಂದರಿನ ಐಡಿ ಕಾರ್ಡು, ಎರಡು ದಿನದ ಗಡ್ಡ, ಏನನ್ನೋ ಕಾಯುತ್ತಿರುವ ಕಣ್ಣು. ಅವಳ ಎದೆ ಒಮ್ಮೆ ಧಸಕ್ಕೆಂದಿತು. ಯಾಕೆ ಅಂದರೆ ಅವಳಿಗೂ ಗೊತ್ತಿಲ್ಲ. ಹೃದಯಕ್ಕೆ ಬುದ್ಧಿ ಎಲ್ಲಿದೆ ಹೇಳಿ?

"ಇದು ಡೆಂಟಲ್ ಲ್ಯಾಬ್. ನಾವು ಹಲ್ಲು ಮಾಡುವವರು" ಎಂದಳು.

"ಗೊತ್ತುಂಟು. ಅದಕ್ಕೇ ಬಂದದ್ದು. ಇದು ಡೈ-ಕಾಸ್ಟ್, ಲೋಹ ಕರಗಿಸಿ ಅಚ್ಚಿಗೆ ಹೊಯ್ದು ಮಾಡಿದ್ದು. ಗನ್ನು ಮಾತ್ರ ಪ್ಲಾಸ್ಟಿಕ್. ಧೂಳು ತೆಗೆಯುವಾಗ ಕೆಳಗೆ ಬಿದ್ದು ಎರಡು ತುಂಡಾಯ್ತು. ನನ್ನ ಹತ್ರ ಇಂಥ ಟ್ಯಾಂಕು, ವಿಮಾನ ಎಲ್ಲ ಸೇರಿ ಎಪ್ಪತ್ತು ಉಂಟು. ಆದ್ರೆ ಭಾನುವಾರದ ಪ್ರದರ್ಶನಕ್ಕೆ ಇದು ಬೇಕೇ ಬೇಕು."

ಅವಳು ಕಿರುಬೆರಳಿನಷ್ಟಿದ್ದ ಗನ್ನಿನ ತುಂಡುಗಳನ್ನು ಎತ್ತಿ ನೋಡಿದಳು. ಮೇಲೆಲ್ಲ ಸಣ್ಣ ಸಣ್ಣ ತಗ್ಗು.

"ಇಲಿ ಕಚ್ಚಿದ್ದಾ?"

ಅವನು ನಕ್ಕ. "ಇಲಿ ಅಲ್ಲ. ಯಾರು ಕಚ್ಚಿದ್ದು ಅಂತ ನೀವೇ ಹೇಳ್ಬೇಕು. ಹಲ್ಲಿನವರಲ್ವಾ?"

ಅವಳು ಇನ್ನೇನು ಸರಿಯಾಗಿ ನೋಡಬೇಕು, ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಯಾವುದೋ ಕ್ಲಿನಿಕ್ಕಿಗೆ ಅರ್ಜೆಂಟಾಗಿ ಹಲ್ಲಿಗೆ ಹಾಕುವ ಎರಡು ಕ್ಯಾಪ್ ಬೇಕಂತೆ. ಅವನು ಚೀಟಿಯಲ್ಲಿ 'ಪೃಥ್ವಿರಾಜ್, ಪಣಂಬೂರು' ಎಂದು ಬರೆದಿಟ್ಟು, "ಇದನ್ನೇ ಸರಿ ಮಾಡಿ, ಆಯ್ತಾ?" ಎಂದು ಹೋದ. ಬಾಗಿಲಲ್ಲಿ ಒಮ್ಮೆ ತಿರುಗಿಯೂ ನೋಡಿದ.

ಐದು ವರ್ಷದಿಂದ ಯಶ್ಮಿತಾ ಮಂಗಳೂರಿನವರಿಗೆ ಹಲ್ಲು ಕಟ್ಟುತ್ತಿದ್ದಳು. ಅವಳು ಮಾಡಿದ ಹಲ್ಲಲ್ಲಿ ಎಷ್ಟೋ ಜನ ಮೀನು ತಿಂದರು, ಮದುವೆ ಫೋಟೋಕ್ಕೆ ನಕ್ಕರು. ಥ್ಯಾಂಕ್ಸ್ ಮಾತ್ರ ಡಾಕ್ಟರಿಗೆ. ಮಾಡಿದವಳ ಹೆಸರು ಯಾರಿಗೆ ಬೇಕು? ಆದರೆ ಈ ಕೆಲಸ ಬೇರೆ. ಇದನ್ನು ಒಬ್ಬ ಅವಳ ಕೈಗೇ ಕೊಟ್ಟು ಹೋಗಿದ್ದ.

'ಅಂಟಿಸಿ ಕೊಡುವುದೇನು ದೊಡ್ಡ ವಿಷಯ? ನಾನು ಯಾರು ಅಂತ ತೋರಿಸ್ತೇನೆ...'

ತುಂಡುಗಳನ್ನು ಜೋಡಿಸಿ ಸಿಲಿಕಾನಿನಲ್ಲಿ ಅಚ್ಚು ತೆಗೆದಳು. ಅಚ್ಚಿಗೆ ಮೇಣ ಹೊಯ್ದು, ಮೇಣದ ಗನ್ನಿನ ತಗ್ಗುಗಳನ್ನೆಲ್ಲ ಚಾಕುವಿನಿಂದ ನೇವರಿಸಿ ಅಳಿಸಿದಳು. ಆಮೇಲೆ ಅದನ್ನು ಲೋಹದಲ್ಲಿ ಎರಕ ಹೊಯ್ದು ಫಳಫಳ ಹೊಳೆಯುವಂತೆ ಪಾಲಿಶ್ ಮಾಡಿದಳು. ಹಳೆಯ ತುಂಡುಗಳು ಕಸದ ಡಬ್ಬಿಗೆ ಹೋದವು. ಕಿತ್ತ ಹುಳುಕು ಹಲ್ಲನ್ನು ಯಾರಾದರೂ ವಾಪಸು ಕೇಳುತ್ತಾರಾ?

ಈ ಪುಣ್ಯಾತ್ಮ ಕೇಳಿದ.

ಗುರುವಾರ ಸಂಜೆ ಬಂದವನು ಹೊಸ ಗನ್ನನ್ನು ತಿರುಗಿಸಿ ತಿರುಗಿಸಿ ನೋಡಿದ. ಯಶ್ಮಿತಾ ಅವನ ಮುಖವನ್ನೇ ನೋಡುತ್ತಾ ಕಾದಳು.

"ಹಳೇದೆಲ್ಲಿ?"

"ಬಿಸಾಡಿದೆ. ಬೆಳಿಗ್ಗೆ ಕಸದ ಗಾಡಿಯವರು ತಗೊಂಡು ಹೋದ್ರು."

ಅವನ ಮುಖ ಬಾಡಿತು. "ಬಿಸಾಡಿದ್ರಾ... ಅದನ್ನು ನೋಡಿ ನಿಮಗೆ ಎಂತದೂ ನೆನಪಾಗ್ಲಿಲ್ವಾ?"

"ಎಂತ ನೆನಪಾಗ್ಬೇಕಿತ್ತು?"

ಅವನು ಟ್ಯಾಂಕನ್ನು ಎತ್ತಿಕೊಂಡ. ಹೊಸ ಗನ್ನನ್ನು ಕೌಂಟರಿನ ಮೇಲೆಯೇ ಇಟ್ಟ. "ಕೆಲಸ ಚಂದ ಉಂಟು. ಆದ್ರೆ ಇದು ನನಗೆ ಬೇಡ" ಎಂದು ಮೆಲ್ಲ ಹೇಳಿ ಹೊರಟುಹೋದ.

ಯಶ್ಮಿತಾಳ ಕಣ್ಣು ತುಂಬಿತು. ಬೈದಿದ್ದರೂ ತಡೆದುಕೊಳ್ಳುತ್ತಿದ್ದಳು. ಮೂರು ದಿನ ಜೀವ ತೇದು ಮಾಡಿದ್ದನ್ನು ಬಿಟ್ಟು ಹೋಗುವುದೆಂದರೆ...

"ಎಂಥ ಅಹಂಕಾರ ನೋಡು ಡ್ಯಾಫ್ನಿ!" ಮರುದಿನ ಪಕ್ಕದ ಮೇಜಿನ ಗೆಳತಿಯ ಹತ್ತಿರ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡಳು.

ಡ್ಯಾಫ್ನಿಯ ಕಿವಿ ಇಲ್ಲಿತ್ತು, ಕೈ ಡ್ರಾಯರಿನಲ್ಲಿತ್ತು. ಅಲ್ಲಿದ್ದ ಸಿಲಿಕಾನ್ ಅಚ್ಚನ್ನು ಅವಳು ಬೆಳಕಿಗೆ ಹಿಡಿದಳು. "ಯಶ್ಮಿ, ಇದು ಮಗುವಿನ ಹಲ್ಲು ಮಾರಾಯ್ತಿ. ಪ್ಲಾಸ್ಟರ್ ಹೊಯ್ದು ನೋಡು."

ಹೊಯ್ದಳು. ಗಟ್ಟಿಯಾದ ಪ್ಲಾಸ್ಟರಿನ ಮೇಲೆ ಗುರುತು ಸ್ಪಷ್ಟವಾಗಿ ಎದ್ದು ಬಂತು. ಹಾಲುಹಲ್ಲು. ಮಧ್ಯೆ ಒಂದು ಬಿದ್ದ ಜಾಗ. ಅದರ ಪಕ್ಕದ್ದು ಬಾಗಿಲು ಅರ್ಧ ತೆರೆದ ಹಾಗೆ ಓರೆಯಾಗಿ ನಿಂತಿದೆ. ಈ ಓರೆ ಹಲ್ಲನ್ನು ಎಲ್ಲೋ ನೋಡಿದ್ದೇನಲ್ಲ... ಎಲ್ಲಿ?

ಸಂಜೆ ಕೂಳೂರಿನ ಮನೆಗೆ ಬಂದವಳು ನೇರ ಹೋಗಿ ನಿಂತದ್ದು ಗೋಡೆಯ ಮೇಲಿದ್ದ ಒಂದನೇ ಕ್ಲಾಸಿನ ಫೋಟೋದ ಎದುರು. ಎರಡು ಜಡೆ ಹಾಕಿ ಬಾಯಿ ತುಂಬ ನಗುತ್ತಿದ್ದ ಹುಡುಗಿ. ಮೇಲೆ ಒಂದು ಹಲ್ಲಿಲ್ಲ, ಪಕ್ಕದ್ದು ಓರೆ.

ಅವಳೇ!

"ಅಮ್ಮಾ, ನಾನು ಸಣ್ಣದಿರುವಾಗ ಯಾರದ್ದಾದ್ರೂ ಟ್ಯಾಂಕ್ ಕಚ್ಚಿದ್ದೆನಾ?"

ಒಳಗಿನಿಂದ ಅಮ್ಮ ಆಶಾಲತಾ ನಕ್ಕರು. "ಕಚ್ಚದೆ? ಪಾಪ, ಆ ಪೃಥ್ವಿದು. ಅವನ ಮಾವ ದುಬೈಯಿಂದ ತಂದುಕೊಟ್ಟದ್ದು. ಟೀಚರ್ ನನ್ನನ್ನು ಕರೆಸಿದ್ರು. ಹೋಗಿ ನೋಡಿದ್ರೆ ಆ ಹುಡುಗ 'ನಾನೇ ಕಚ್ಚಿದ್ದು ಟೀಚರ್' ಅಂತ ನಿಂತಿದ್ದಾನೆ. ನೀನು ಮೂಲೆಯಲ್ಲಿ ಅಳ್ತಾ ಇದ್ದೆ. ಮರುವರ್ಷ ಅವನು ಬೇರೆ ಶಾಲೆಗೆ ಹೋದ."

ಯಶ್ಮಿತಾ ಫೋಟೋದ ಕೆಳಗೇ ಕೂತಳು. ಲ್ಯಾಬಿಗೆ ಅವನು ಸುಮ್ಮನೆ ಬಂದಿರಲಿಲ್ಲ. 'ನೀವೇ ಹೇಳ್ಬೇಕು' ಎಂದದ್ದು ತಮಾಷೆಗಲ್ಲ. ಅವನು ಇಪ್ಪತ್ತು ವರ್ಷ ಜೋಪಾನ ಮಾಡಿ ತಂದದ್ದನ್ನು ತಾನು ಕಸಕ್ಕೆ ಹಾಕಿದ್ದೇನೆ. ಭಾನುವಾರ ಆ ಟ್ಯಾಂಕು ಗನ್ನಿಲ್ಲದೆ ನಿಂತರೆ, ಇನ್ನು ಯಾವ ಮುಖ ಹೊತ್ತು ಅವನೆದುರು ಹೋಗುವುದು? ಅವನನ್ನು ಕಳೆದುಕೊಳ್ಳಬಾರದು ಎಂದು ಅವಳ ಜೀವ ಕೂಗಿತು.

ತಲೆ ಮೇಲೆ ಕೈಹೊತ್ತು ಕೂರುವ ಜಾತಿಯಲ್ಲ ಅವಳು. ತುಂಡು ಹೋದರೇನು, ಅಚ್ಚು ಇದೆಯಲ್ಲ?

ಶನಿವಾರ ಇಡೀ ದಿನ ಲ್ಯಾಬಿನಲ್ಲಿ ಕೂತಳು. ಮತ್ತೆ ಅದೇ ಅಚ್ಚಿಗೆ ಮೇಣ ಹೊಯ್ದಳು. ಈ ಸಲ ಚಾಕು ಮುಟ್ಟಿಸಲಿಲ್ಲ. ಮೊದಲನೇ ಎರಕದಲ್ಲಿ ಓರೆ ಹಲ್ಲಿನ ಗುರುತು ಅರ್ಧವೇ ಬಂತು. ಬದಿಗಿಟ್ಟಳು. ಎರಡನೆಯದರಲ್ಲಿ ತುದಿ ಮುಕ್ಕಾಯಿತು. ಮೂರನೆಯದು ಬೆಂಕಿಯಿಂದ ಹೊರಬಂದಾಗ ಡ್ಯಾಫ್ನಿ ಭೂತಗನ್ನಡಿ ಹಿಡಿದು, "ಒಂದು ಗೀರೂ ತಪ್ಪಲಿಲ್ಲ. ಹೋಗು, ಗೆದ್ದು ಬಾ" ಎಂದಳು. ಪಾಲಿಶ್ ಮಾಡಲು ತುರಿಸುತ್ತಿದ್ದ ಕೈಯನ್ನು ಯಶ್ಮಿತಾ ಕಷ್ಟಪಟ್ಟು ತಡೆದು, ತೆಳ್ಳಗೆ ಹಸಿರು ಬಣ್ಣ ಮಾತ್ರ ಹಚ್ಚಿದಳು.

ಭಾನುವಾರ ಪ್ರದರ್ಶನದ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಜು ಮೇಜಿನ ಮೇಲೂ ಸಾಲು ಸಾಲು ಟ್ಯಾಂಕುಗಳು, ರೆಕ್ಕೆ ಚಾಚಿದ ಯುದ್ಧವಿಮಾನಗಳು, ಹಿಂದೆ ಅವುಗಳ ಹಳೆಯ ಪೆಟ್ಟಿಗೆಗಳು. ಪೃಥ್ವಿಯ ಮೇಜಿನ ಎದುರು ಬಿಳಿ ಕೈಗವಸಿನ ಒಬ್ಬ ಹಿರಿಯರು ನಿಂತಿದ್ದರು. ಇಂಥ ಮಾದರಿ ಸಂಗ್ರಹಿಸುವವರಿಗೆಲ್ಲ ಹಿರಿತಲೆಯಾದ ವಾಲ್ಟರ್ ಅಂಕಲ್.

"ಗನ್ನಿಲ್ಲದ ಟ್ಯಾಂಕ್ ಎಂತಕ್ಕೆ ಇಡ್ತಿ ಮಾರಾಯ? ನಮ್ಮ ರೂಲ್ ಗೊತ್ತುಂಟಲ್ಲ? ತೆಗಿ ಅದನ್ನು."

"ತೆಗೆಯುದಿಲ್ಲ ಅಂಕಲ್. ಬೇಕಾದ್ರೆ ಬಾಕಿ ಅರವತ್ತೊಂಬತ್ತನ್ನೂ ತೆಗಿತೇನೆ."

ಜನರ ನಡುವೆ ನಿಂತಿದ್ದ ಯಶ್ಮಿತಾಳಿಗೆ ಟ್ಯಾಂಕಿನ ಎದುರಿದ್ದ ಪುಟ್ಟ ಕಾರ್ಡು ಕಂಡಿತು. ಅದರಲ್ಲಿ ಹೀಗೆ ಅಚ್ಚಾಗಿತ್ತು:

*ನನ್ನ ಮೊದಲ ಟ್ಯಾಂಕ್. ಗನ್ನಿನ ಮೇಲಿನ ಹಲ್ಲಿನ ಗುರುತು: ಯಶ್ಮಿತಾ, ಒಂದನೇ ಕ್ಲಾಸ್.*

ಐದು ವರ್ಷ ಎಲ್ಲಿಯೂ ಕಾಣದ ತನ್ನ ಹೆಸರು! ಗನ್ನು ಹೋದ ಮೇಲೂ ಅವನು ಕಾರ್ಡು ತೆಗೆದಿರಲಿಲ್ಲ. ಅವಳು ಕಣ್ಣೊರೆಸಿಕೊಂಡು ಮುಂದೆ ನುಗ್ಗಿದಳು.

"ಒಂದು ನಿಮಿಷ ಅಂಕಲ್."

ಪರ್ಸಿನಲ್ಲಿ ಹತ್ತಿ ಸುತ್ತಿಟ್ಟಿದ್ದ ಗನ್ನನ್ನು ಬಿಡಿಸಿ ಟ್ಯಾಂಕಿನ ತೂತಿಗೆ ಒತ್ತಿದಳು. ಟಿಕ್ ಎಂದು ಕೂತಿತು. ಪೃಥ್ವಿ ಬಗ್ಗಿ ನೋಡಿದ. ಓರೆ ಹಲ್ಲಿನ ಗುರುತಿನ ಮೇಲೆ ಅವನ ಬೆರಳು ನಿಂತುಬಿಟ್ಟಿತು.

ವಾಲ್ಟರ್ ಅಂಕಲ್ ಕನ್ನಡಕ ಏರಿಸಿದರು. "ಇದು ಹೊಸದಾ, ಹಳೇದಾ?"

"ಗನ್ನು ಹೊಸದು ಅಂಕಲ್. ಕಚ್ಚಿದ್ದು ಹಳೇದು" ಎಂದಳು ಯಶ್ಮಿತಾ. "ಎರಡೂ ನನ್ನದೇ ಕೆಲಸ."

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಅಂಕಲ್ ಮಾತ್ರ ಭೂತಗನ್ನಡಿ ಹಿಡಿದು ಎಷ್ಟೋ ಹೊತ್ತು ನೋಡಿದರು. ಆಮೇಲೆ ಟ್ಯಾಂಕನ್ನು ಎರಡೂ ಕೈಯಲ್ಲಿ ಎತ್ತಿ ಹಾಲ್‌ನ ನಟ್ಟನಡುವಿನ ಮೇಜಿಗೆ ತಂದರು. ಅಲ್ಲಿದ್ದ ತಮ್ಮದೇ ವಿಮಾನವನ್ನು ಸರಿಸಿ ಅದನ್ನಿಟ್ಟು, ಜೇಬಿನಿಂದ ಪೆನ್ನು ತೆಗೆದು ಕಾರ್ಡಿನ ಕೊನೆಗೆ ಬರೆದರು: *ಗನ್ ತಯಾರಿಸಿದವರು: ಯಶ್ಮಿತಾ.*

ಚಪ್ಪಾಳೆ ಎಲ್ಲಿ ಶುರುವಾಯಿತೋ, ಇಡೀ ಹಾಲ್ ತುಂಬಿತು. ಯಶ್ಮಿತಾ ತಲೆಯೆತ್ತಿ ನಿಂತಳು.

ಜನ ಆ ಕಡೆ ಮುತ್ತಿಕೊಂಡಾಗ ಪೃಥ್ವಿ ಅವಳ ಬಳಿ ಬಂದ.

"ನನ್ನ ಅಮ್ಮನ ಹಲ್ಲಿನ ಸೆಟ್ಟು ನೀವೇ ಮಾಡಿದ್ದು. ಎರಡು ವರ್ಷದ ಮೇಲೆ ಅಮ್ಮ ಬಾಯಿಗೆ ಸೆರಗು ಹಿಡಿಯದೆ ನಕ್ಕರು. ಮಾಡಿದ್ದು ಯಾರು ಅಂತ ಡಾಕ್ಟರತ್ರ ಕೇಳಿದೆ. ಕೂಳೂರಿನ ಯಶ್ಮಿತಾ ಅಂದ್ರು. ಅವತ್ತಿಂದ ನನಗೆ ಸಮಾಧಾನವೇ ಇಲ್ಲ."

"ಬಂದ ದಿನವೇ ಹೇಳ್ಬಹುದಿತ್ತಲ್ಲ?"

"ನೆನಪಿದ್ರೆ ನೀವೇ ಹೇಳ್ತೀರಿ ಅಂತ ಕಾದೆ. ತಪ್ಪಾಯ್ತು. ಈಗ ಹೇಳ್ತೇನೆ... ನನಗೆ ನೀನು ಬೇಕು, ಯಶ್ಮಿ."

'ನೀವು' ಹೋಗಿ 'ನೀನು' ಬಂದದ್ದು ಅವಳ ಕೆನ್ನೆಗೆ ಗೊತ್ತಾಯಿತು. ಕೆಂಪಾಯಿತು.

"ನಾನು ಯಾಕೆ ಕಚ್ಚಿದ್ದು ಅಂತ ನೆನಪುಂಟಾ ನಿನಗೆ?" ಎಂದಳು.

"ಉಂಟು. ನೀನು ಆಡ್ಲಿಕ್ಕೆ ಕೇಳಿದೆ. ನಾನು ಕೊಡ್ಲಿಲ್ಲ."

"ಈಗ ಕೊಡ್ತಿಯಾ?"

"ಮನೆಗೇ ತಗೊಂಡು ಹೋಗು."

"ಟ್ಯಾಂಕ್ ಮಾತ್ರವಾ?"

ಪೃಥ್ವಿ ಅವಳ ಕೈ ಹಿಡಿದುಕೊಂಡ. "ಡ್ರೈವರನ್ನು ಬಿಟ್ಟು ಟ್ಯಾಂಕ್ ಹೇಗೆ ಬರ್ತದೆ ಮಾರಾಯ್ತಿ?"